ಆರ್ಗಾನ್ ಗಾಳಿ ಮತ್ತು ನಾನು ಹಚ್ಚಿದ ಫ್ಯಾನು

ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಆದರೂ ಗಾಳಿಯಲ್ಲಿ ಎಷ್ಟು ಬಗೆ ಎಂದು ಯಾರು ಕೇಳಿದರೂ ಹೇಳಬಲ್ಲೆ, ಕೇಳದವರಿಗೂ ಹೇಳುತ್ತೇನೆ. ಔರಾದಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಒಂದು ಸ್ಟಾಪು ಮೊದಲೇ ಇಳಿದುಹೋದದ್ದೂ ಉಂಟು.

ನನಗೆ ಕಲಿಸಿದವಳು ಮೊಮ್ಮಗಳು ಸುಜಾತಾ. ಬೀದರಿನಲ್ಲಿ ವೆಲ್ಡಿಂಗ್ ಕಲಿತವಳು. ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳ ಕೈತಪ್ಪಿ ಮುಗಿಲಿಗೇರುವ ಬಲೂನಿನಲ್ಲಿ ಇರುವುದು ಹೀಲಿಯಂ. ಕರೆಂಟು ನೋಡುವ ಟೆಸ್ಟರಿನಲ್ಲಿ ಕೆಂಪಗೆ ಮಿನುಗುವುದು ನಿಯಾನ್. ಬಲ್ಬಿನ ತಂತಿಯನ್ನು ಕಾಯುವುದು ಆರ್ಗಾನ್. ಎಲ್ಲ ಒಂದೇ ಮನೆತನ. ಯಾರ ಜೊತೆಗೂ ಕೂಡುವುದಿಲ್ಲ, ಉರಿಯುವುದಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಸಂತಪುರಕ್ಕೆ ಇಂಥ ಸೊಸೆ ಬಂದಿದ್ದರೆ ಮೂರೇ ದಿನಕ್ಕೆ ಆಡಿಕೊಂಡು ಹೆಸರಿಟ್ಟುಬಿಡುತ್ತಿದ್ದರು.

"ಮತ್ತ ಇದರಿಂದ ಉಪಯೋಗರ ಏನವ್ವಾ?" ಎಂದೆ.

"ಸುಮ್ಮ ಇರೂದೇ ಅದರ ಕೆಲಸ, ಆಯಿ. ಸ್ಟೀಲ್ ಕರಗಿದಾಗ ಹೊರಗಿನ ಗಾಳಿ ಹತ್ತಿದ್ರ ಬೆಸೆದ ಜೋಡು ಕೆಡ್ತದ. ಆರ್ಗಾನ್ ಸುತ್ತ ನಿಂತು ಅದನ್ನ ಒಳಗ ಬಿಡೂದಿಲ್ಲ."

ಅವಳು ಕಲಿತು ಬಂದ ವರ್ಷ ಮಳೆ ಕೈಕೊಟ್ಟಿತು. ಮಗ, ಸೊಸೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋದರು. ಸುಜಾತಾಳೂ ಇಟ್ಟಿಗೆ ಹೊರಲು ಹೋಗುವುದೇ ಆಗಿತ್ತು. ಅವಳ ಚೀಲವೂ ತಯಾರಿತ್ತು. ಅಷ್ಟರಲ್ಲಿ ಮೈಲೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಖಾಜಾ ಉಸ್ತಾದರು ಅವಳನ್ನು ಕರೆದರು.

"ಈ ಸ್ಟೀಲ್ ಟಾಂಕಿ ಜೋಡ್ಸು, ಬೇಟಿ. ಸೋರಲಿಲ್ಲಂದ್ರ ನೌಕರಿ ಪಕ್ಕಾ. ಆದ್ರ ತುಂಬ್ಸಿ ನೋಡೂದು ಒಂದೇ ಸಲ. ಎರಡನೇ ಸಲಕ್ಕ ನೀರು ಎಲ್ಲಿಂದ ತರ್ಲಿ?"

ನಾನು ಬುತ್ತಿ ಕಟ್ಟಿಕೊಂಡು ಹೋದೆ. ಕೂಸು ಮುಖಕ್ಕೆ ಕಪ್ಪು ಗಾಜಿನ ಮುಸುಕು ಹಾಕಿ, ಚರ್ಮದ ಕೈಗವಸು ತೊಟ್ಟು ಬೆವರಲ್ಲಿ ತೊಯ್ದುಹೋಗಿತ್ತು. ಮೂಲೆಯಲ್ಲಿ ಅಷ್ಟು ದೊಡ್ಡ ಫ್ಯಾನು ಸುಮ್ಮನೆ ನಿಂತಿತ್ತು. ಎಂಥ ಕಲ್ಲುಮನಸ್ಸಿನ ಜನವಪ್ಪಾ ಎಂದುಕೊಂಡು ಬಟನ್ ಒತ್ತಿದೆ. ಪಾಠ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ.

"ಆಯೀ! ಫ್ಯಾನ್ ಬಂದ್ ಮಾಡು!"

ಅಷ್ಟರಲ್ಲಿ ಫ್ಯಾನು ಆರ್ಗಾನನ್ನು ಊದಿ ಓಡಿಸಿಯಾಗಿತ್ತು. ಬೆಳ್ಳಿ ಸರದಂತೆ ಬರುತ್ತಿದ್ದ ಜೋಡು ಗೇಣುದ್ದ ಕರ್ರಗಾಗಿ, ಸಾಸಿವೆ ಗಾತ್ರದ ತೂತುಗಳು ಬಿದ್ದಿದ್ದವು.

ಉಸ್ತಾದರು ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟರು. "ದಾದಿಮಾ, ನಿಮ್ಮ ಪ್ರೀತಿ ಭಾಳ ಜೋರದರಿ. ಜರಾ ಹೊರಗ ಕೂತು ಮಾಡ್ರಿ."

ಸುಜಾತಾ ಮುಸುಕು ಮೇಲೆತ್ತಿ ಬೆವರು ಒರೆಸಿಕೊಂಡಳು. ಕೆಟ್ಟ ಜೋಡನ್ನು ಗ್ರೈಂಡರಿನಿಂದ ತಿಕ್ಕಿ ತೆಗೆದು ಮತ್ತೆ ಶುರು ಮಾಡಿದಳು. ನಾನು ಬಾಗಿಲಾಚೆ ಬೆನ್ನು ತಿರುಗಿಸಿ ಕೂತೆ. ಸೆರಗಿನಿಂದ ಗಾಳಿ ಹಾಕಿಕೊಳ್ಳಲೂ ಹೆದರಿಕೆ. ಅಡುಗೆ, ಹೊಲ, ಬಾಣಂತನ ಎಲ್ಲ ಮಾಡಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವುದಿದೆಯಲ್ಲ, ಅದರಷ್ಟು ದಣಿವಿನ ಕೆಲಸ ನಾನು ಮಾಡಿಲ್ಲ.

ಸಂಜೆ ಟಾಂಕಿ ತುಂಬಿದರು. ಉಸ್ತಾದರು ಜೋಡಿನ ಉದ್ದಕ್ಕೂ ಸೀಮೆಸುಣ್ಣದ ಪುಡಿ ಸವರಿದರು. ಒಂದು ಹನಿ ಹೊರಬಂದರೂ ಕಲೆ ಕಾಣುತ್ತದೆ. ಅರ್ಧ ತಾಸು ಕಾದೆವು. ಪುಡಿ ಬೆಳ್ಳಗೇ ಉಳಿಯಿತು.

"ಸೋಮವಾರದಿಂದ ಬಾ," ಎಂದರು ಉಸ್ತಾದರು.

ಅಲ್ಲಿಂದಲೇ ಮಗನಿಗೆ ಫೋನು ಹಚ್ಚಿದೆ. "ನಿನ್ನ ಮಗಳು ಇಟ್ಟಿಗಿ ಹೊರ್ಲಿಕ್ಕ ಬರೂದಿಲ್ಲೋ! ಆಕಿ ಟಾಂಕಿ ಹನಿ ಸೋರಿಲ್ಲ!"

ಅವನು ಆ ಸುದ್ದಿಯನ್ನು ಹೆಂಡತಿಗೆ ಕೂಗಿ ಹೇಳಿದ. ಆಮೇಲೆ ನನ್ನನ್ನು ಕೇಳಿದ: "ನೀ ಅಲ್ಲೇ ಇದ್ದೇನವ್ವಾ? ನೀ ಏನ್ ಮಾಡ್ದಿ?"

"ಎರಡನೇ ಸಲ ಏನೂ ಮಾಡ್ಲಿಲ್ಲಪ್ಪ," ಎಂದೆ, ಹೆಮ್ಮೆಯಿಂದ.