ಪರದೆಯ ಮೇಲೆ ಬೇರೆಯವಳ ದನಿ

ಅರವತ್ತು ದಾಟಿದ ಮೇಲೆ ನನಗೆ ಕೆಲಸ ಮೈಮೇಲೆ ಬಿದ್ದಂತೆ ಬಂತು. ಹರೆಯದಲ್ಲಿ ತಿರುಗಿಯೂ ನೋಡದವರು ಈಗ ಫೋನ್ ಮಾಡತೊಡಗಿದರು. ಹೈದರಾಬಾದಿನಲ್ಲಿ ತೆಲುಗು ಧಾರಾವಾಹಿ, ನಡುವೆ ಒಂದೆರಡು ಸಿನಿಮಾ, ಬಿಡುವು ಸಿಕ್ಕರೆ ನಮ್ಮ ಗಡಿಯೂರುಗಳಾದ ಪತ್ತಿಕೊಂಡ, ಹೊಳಗುಂದ ಕಡೆ ಕನ್ನಡ ನಾಟಕ. ಎಲ್ಲ ಕಡೆಯೂ ನಾನು ಅಜ್ಜಿ, ಇಲ್ಲವೆ ಸತ್ತವನ ತಾಯಿ.

ಅಕ್ಕ ಆದೋನಿಯಲ್ಲಿ ಮಗಳ ಮನೆಯಲ್ಲಿದ್ದಳು. ಒಂದು ಕಾಲಕ್ಕೆ ನಮ್ಮ ನಾಟಕ ಕಂಪನಿಗೆ ಅವಳೇ ನಾಯಕಿ. ನಾನು ಅವಳ ಸೆರಗು ಹಿಡಿದು ರಂಗಕ್ಕೆ ಬಂದವಳು. ಮಾತು ಎಲ್ಲಿ ನಿಲ್ಲಿಸಬೇಕು, ಹಾಡು ಎಲ್ಲಿ ಎತ್ತಬೇಕು, ಎಲ್ಲವನ್ನೂ ಅವಳೇ ಕಲಿಸಿದ್ದಳು. ಸಕ್ಕರೆ ಕಾಯಿಲೆ ಈಗ ಅವಳ ಎರಡೂ ಕಣ್ಣು ತೆಗೆದಿತ್ತು.

ಒಮ್ಮೆ ನಾನು ಹೋದಾಗ ಅವಳ ಮಗಳು ನನ್ನ ಧಾರಾವಾಹಿ ಹಾಕಿದಳು. ಅಕ್ಕ ತಲೆ ವಾಲಿಸಿ ಕೇಳಿದಳು.

"ಯಾರೀಕಿ ಮಾತಾಡಾಕಿ?"

"ನಾನ ಅಕ್ಕ."

"ಅಲ್ಲ ಬಿಡು. ನಿನ್ನ ದನಿ ನನಗ ಗೊತ್ತಿಲ್ಲೇನು?"

"ನನ್ನ ತೆಲುಗಿನ್ಯಾಗ ಕನ್ನಡ ಬರ್ತೈತಂತ. ಅದಕ್ಕ ಡಬ್ಬಿಂಗಿಗೆ ಬ್ಯಾರೆ ಒಬ್ಬಾಕಿನ್ನ ಇಟ್ಟಾರ."

"ಮತ್ತ ನೀನೇನು ಮಾಡ್ತಿ ಅಲ್ಲಿ?"

"ಮಾರಿ ತೋರಸ್ತೀನಿ."

ಅವಳು ನಗಲಿಲ್ಲ. "ನನಗ ಮಾರಿ ಕಾಣಂಗಿಲ್ಲಲ್ಲ," ಎಂದಳು.

ಮುಂದಿನ ಸಲ ಸೆಟ್ಟಿಗೆ ಹೋದಾಗ ನನ್ನ ಮಾತು ನಾನೇ ಆಡುತ್ತೇನೆಂದು ನಿರ್ದೇಶಕರನ್ನು ಕೇಳಿದೆ. ಒಳ್ಳೆಯ ಮನುಷ್ಯ. "ಮೀ ಯಾಸ ವೇರು ಕದಮ್ಮಾ," ಎಂದರು. ನನ್ನ ಮಾತಿನ ಧಾಟಿಯೇ ಬೇರೆ ಎಂದು. ನಾನು ಮತ್ತೆ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಹೊಳಗುಂದದಲ್ಲಿ ನಾಟಕವಿತ್ತು. ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ರಂಗದ ಮಗ್ಗುಲಲ್ಲಿ, ಹಾರ್ಮೋನಿಯಂ ಪಕ್ಕ, ಕುರ್ಚಿ ಹಾಕಿಸಿದೆ. ನನ್ನದು ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ; ಹಿಂದೆ ಅದು ಅಕ್ಕನದಾಗಿತ್ತು. ಶೋಕದ ಹಾಡಿನ ಮೇಲಿನ ಸ್ವರಕ್ಕೆ ಹೋಗುವಾಗ ನನ್ನ ಉಸಿರು ಕೈಕೊಟ್ಟಿತು. ಒಂದು ಗಳಿಗೆ ಹಾರ್ಮೋನಿಯಂ ಮಾತ್ರ ಕೇಳಿತು. ಆಮೇಲೆ ಮಗ್ಗುಲಿನಿಂದ ಅಕ್ಕನ ದನಿ ಎದ್ದಿತು. ಸಣ್ಣಗಿತ್ತು, ಸ್ವಲ್ಪ ನಡುಗುತ್ತಿತ್ತು, ಆದರೆ ಸ್ವರ ತಪ್ಪಲಿಲ್ಲ. ನಾನೇ ಹಾಡುತ್ತಿರುವಂತೆ ಬಾಯಿ ತೆರೆದು ನಿಂತೆ. ಮುಂದೆ ಕೂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು.

ತಿರುಗಿ ಬರುವಾಗ ಅವಳು ನನ್ನ ಮೊಣಕೈ ಹಿಡಿದು, "ಉಸರು ಕಡಿಮಿ ಆಗೈತಿ ನಿಂದು. ಯಾಕಿಷ್ಟು ಓಡಾಡ್ತಿ?" ಎಂದಳು.

"ಈಗರ ಕರೀತಾರಕ್ಕ. ಒಲ್ಲೆ ಅಂದ್ರ ಮತ್ತ ಕರಿಯಂಗಿಲ್ಲ."

"ಹೋಗವ್ವ, ಹೋಗು. ನಡುವ ನನ್ನ ಕಡೀನೂ ಬಾ."

ಬರುತ್ತೇನೆ ಎಂದೆ. ಮಳೆಗಾಲವೆಲ್ಲ ಹೈದರಾಬಾದಿನಲ್ಲೇ ಕಳೆಯಿತು. ಅಕ್ಕನ ಮೂತ್ರಪಿಂಡ ಕೆಟ್ಟಿದೆ ಎಂದು ಅವಳ ಮಗಳು ಫೋನಿನಲ್ಲಿ ಹೇಳಿದಾಗ, ಈ ಶೂಟಿಂಗ್ ಮುಗಿಯಲಿ ಎಂದುಕೊಂಡೆ. ಒಂದು ಮಧ್ಯಾಹ್ನ ದೃಶ್ಯ ಮುಗಿಸಿ ಬಂದು ಫೋನ್ ತೆಗೆದು ನೋಡಿದರೆ ಅವಳ ಮಗಳ ಕರೆಗಳೇ ತುಂಬಿದ್ದವು. ಮುಖದ ಬಣ್ಣ ಸರಿಯಾಗಿ ಒರೆಸಿಕೊಳ್ಳದೆ ಹೊರಟೆ. ನಾನು ಆದೋನಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದು ಕೂತಿದ್ದರು. "ನಿಂಗಾಗಿ ಕಾದ್ವಿ, ಚಿಗವ್ವ," ಎಂದಳು ಅಕ್ಕನ ಮಗಳು. "ಹಿರೇರು ಇನ್ನ ಇಡಬಾರದು ಅಂದ್ರು." ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಅಕ್ಕನ ದಿನಕರ್ಮ ಮುಗಿಯುವವರೆಗೂ ಅಲ್ಲೇ ಉಳಿದೆ. ಹೈದರಾಬಾದಿನಿಂದ ಕರೆಗಳು ಬಂದವು, ಒಲ್ಲೆ ಎಂದೆ. ಧಾರಾವಾಹಿಯಲ್ಲಿ ಅಜ್ಜಿಯನ್ನು ಕಾಶಿಗೆ ಕಳಿಸಿದರಂತೆ. ಅವರಿಗೇನೂ ತೊಂದರೆಯಾಗಲಿಲ್ಲ.

ಈಗ ಬೇರೆ ಧಾರಾವಾಹಿ ಒಪ್ಪಿಕೊಂಡಿದ್ದೇನೆ. ಮನೆಯಲ್ಲಿ ಕೂತು ಏನು ಮಾಡಲಿ? ಆದರೆ ಇಲ್ಲಿ ತಪ್ಪಿದೆ ಎಂದು ಅಕ್ಕನಂತೆ ತಿದ್ದುವವರಿಲ್ಲ. ಎಲ್ಲರೂ "ಚೆನ್ನಾಗಿತ್ತು ಅಮ್ಮಾ" ಎನ್ನುತ್ತಾರೆ. ನಿಜವೋ ಸುಳ್ಳೋ ತಿಳಿಯುವುದಿಲ್ಲ.