ಶಿವಗಂಗವ್ವನ ಹನ್ನೊಂದು ದಿನದ ನೀಲಿ

ರಬಕವಿಯ ಬಣ್ಣಗಾರ ಕಾಮಣ್ಣ ಒಳ್ಳೆಯ ಮನುಷ್ಯ, ಹೆಂಡತಿಯ ಮೇಲೆ ಜೀವವನ್ನೇ ಇಟ್ಟವ. ಆದರೆ ಒಂದು ಹುಚ್ಚು ಇತ್ತು ನೋಡಿ. ಬಣ್ಣ ಸರಿಬೀಳದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ನೇಕಾರರು ಸೀರೆಗೆಂದು ತಂದುಕೊಟ್ಟ ನೂಲನ್ನು ಬಣ್ಣದ ಬಾನಿಯಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಹಿಡಿದು, ಕೂದಲೆಳೆಯಷ್ಟು ಫರಕು ಕಂಡರೂ ಮತ್ತೆ ಅದ್ದುತ್ತಿದ್ದ. ಕೈಗೆ ಹತ್ತಿದ ಕಸುಬು ತಲೆಗೂ ಹತ್ತಿತ್ತು.

ಸಂಸ್ಥಾನಗಳು ಹೋಗಿ ಮುಂಬೈ ಸರ್ಕಾರ ಬಂದ ಮರುವರ್ಷ ಹೆಂಡತಿ ಶಿವಗಂಗವ್ವ ಸೊರಗಿ ಕಡ್ಡಿಯಾದಳು. ಜಮಖಂಡಿಯ ಡಾಕ್ಟರು ಸಕ್ಕರೆ ಬೇನೆ ಎಂದರು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಬಿಟ್ಟರೆ ಜೀವ ಉಳಿಯುವುದಿಲ್ಲ ಎಂದರು. ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಕಾಯಿಸುವುದನ್ನೂ ಕಲಿಸಿದರು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಇಟ್ಟಂಗಿ ಬಣ್ಣ ಬಂದಂತೆಲ್ಲ ಅದು ಏರಿದೆ ಎಂದು ಅರ್ಥ.

ಅಯ್ಯೋ, ಇಂಥ ಪರೀಕ್ಷೆ ಇಂಥವನ ಮನೆಗೇ ಬರಬೇಕೆ! ಕಾಮಣ್ಣ ದಿನಾ ಅವಳು ಕಾಯಿಸಿದ ನಳಿಗೆ ಇಸಿದುಕೊಂಡು ಅಂಗಳದ ಬಿಸಿಲಿಗೆ ಬರುತ್ತಿದ್ದ.

"ಹಳದಿ ಬಿದ್ದೈತಿ. ನಿನ್ನೆ ಏನ ತಿಂದಿ?"

"ಒಂದ ರೊಟ್ಟಿ, ಪುಂಡಿಪಲ್ಲೆ ರೀ."

"ಅಷ್ಟಕ್ಕ ಇಷ್ಟು ಹಳದಿ ಆಗೂದಿಲ್ಲ. ನೆನಪ ಮಾಡ್ಕೊ."

ಬಾನಿಯ ಬಣ್ಣ ಕೆಟ್ಟರೆ ಏನು ಹೆಚ್ಚು ಬಿದ್ದಿದೆ ಎಂದು ಹುಡುಕುವವನು ಹೆಂಡತಿಯನ್ನೂ ಹಾಗೇ ಹುಡುಕಿದ. ಒಂದು ದಿನವಲ್ಲ, ನಾಲ್ಕು ವರ್ಷ. ಪ್ರೀತಿಯಿಂದಲೇ ಕೇಳುತ್ತಿದ್ದ, ಅದೇ ತೊಂದರೆ. ಸಿಟ್ಟಿನಿಂದ ಕೇಳಿದ್ದರೆ ಅವಳು ತಿರುಗಿ ನಾಲ್ಕು ಮಾತು ಅನ್ನಬಹುದಿತ್ತು.

ಐದನೆಯ ವರ್ಷ ಯುಗಾದಿ ಕಳೆದದ್ದೇ ತಡ, ನೀಲಿ ಬಂತು. ಮರುದಿನವೂ ನೀಲಿ. ಹನ್ನೊಂದು ದಿನ ನೀಲಿಯೇ. ಕಾಮಣ್ಣನ ಕಾಲು ನೆಲಕ್ಕೆ ಹತ್ತಲಿಲ್ಲ. ಪಕ್ಕದ ನೇಕಾರ ಸಾತಪ್ಪನ ಮಗ್ಗದ ಮುಂದೆ ಕೂತು, "ನಮ್ಮಾಕಿ ಬ್ಯಾನಿ ಗೆದ್ದಳಪಾ" ಎಂದು ಡಂಗುರ ಹೊಡೆದ.

ಹನ್ನೆರಡನೆಯ ದಿನ ನಳಿಗೆಯನ್ನು ಬಿಸಿಲಿಗೆ ಹಿಡಿದವನು ಹಾಗೇ ನಿಂತ. ಮೊನ್ನಿನದು, ನಿನ್ನಿನದು, ಇಂದಿನದು ಒಂದೇ ನೀಲಿ. ಮೂವತ್ತು ವರ್ಷ ಬಾನಿ ಕಲಸಿದರೂ ತನಗೆ ಎರಡು ದಿನ ಒಂದೇ ಬಣ್ಣ ತೆಗೆಯಲು ಆಗಿಲ್ಲ. ಉಣ್ಣುವ, ಮಲಗುವ, ಜಗಳಾಡುವ ಮೈಗೆ ದಿನಾ ಒಂದೇ ಬಣ್ಣ ಹೇಗೆ ಬಂದೀತು? ಆಗ ಉಳಿದದ್ದೂ ಕಣ್ಣಿಗೆ ಬಿತ್ತು. ಸಕ್ಕರೆ ಏರಿದಾಗಿನ ಹಾಗೆ ಅವಳ ನೀರಡಿಕೆಗೆ ನಸುಕಿನಲ್ಲಿ ತುಂಬಿದ ಕೊಡ ಮಧ್ಯಾಹ್ನದೊಳಗೆ ಬರಿದಾಗುತ್ತಿತ್ತು. ಅವಳ ಕುಪ್ಪಸದ ತೋಳು ಜೋಲು ಬಿದ್ದಿತ್ತು. ಕಾಮಣ್ಣ ನಳಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದ.

"ಗಂಗವ್ವಾ, ಇದರಾಗ ಬಿಟ್ಟದ್ದು ಬಾವಿ ನೀರ ಹೌದಲ್ಲ?"

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಹೌದ್ರಿ."

"ಸೂಜಿ?"

"ಎರಡ ದಿನಕ್ಕೊಮ್ಮೆ. ಒಮ್ಮೊಮ್ಮೆ ಅದೂ ಇಲ್ಲ."

"ಸಾಯಬೇಕಂತ ಮಾಡೀಯೇನ?"

"ಸಾಯೂದ ಬ್ಯಾಡ್ರಿ. ಬ್ಯಾಸರ ಆಗೇತ್ರಿ. ಸೂಜಿ ಕುದಸೂದು, ಚುಚ್ಚಿಕೊಳ್ಳೂದು, ತುತ್ತು ಎಣಸೂದು, ಮ್ಯಾಲ ದಿನಾ ನಿಮ್ಮ ಮುಂದ ಕಳ್ಳರಂಗ ನಿಂದ್ರೂದು. ನೀವು ಬಣ್ಣಾ ನೋಡಿ ಮಾರಿ ಸಣ್ಣದ ಮಾಡ್ತೀರಲ್ಲ, ಸೂಜೀಕಿಂತ ಅದ ಹೆಚ್ಚ ಚುಚ್ಚತಿತ್ತು. ಹನ್ನೊಂದ ದಿವಸ ನನ್ನ ನೋಡಿ ನಕ್ಕೀರಿ. ಅದಕ್ಕಾಗೇ ಮಾಡಿದ್ನಿ."

ಬೇನೆಯನ್ನು ಕಾಯುತ್ತ ಕಾಯುತ್ತ ಹೆಂಡತಿ ದಣಿದದ್ದು ತನಗೆ ಕಂಡೇ ಇರಲಿಲ್ಲವಲ್ಲ ಎಂದು ಕಾಮಣ್ಣನಿಗೆ ನಾಚಿಕೆಯಾಯಿತು. ನೂಲು ಒಯ್ಯಲು ಬಂದ ಇಬ್ಬರನ್ನು ನಾಳೆ ಬನ್ನಿರೆಂದು ಕಳಿಸಿ, ಒಲೆಯ ಮುಂದೆ ಕೂತು ತಾನೇ ಸೂಜಿ ಕುದಿಸಿದ. ಅವಳು ಹೇಳಿದಷ್ಟು ಇನ್ಸುಲಿನ್ ಅದರೊಳಗೆ ಎಳೆದುಕೊಂಡ. ಬಾನಿಗೆ ಕೈ ಹಾಕಲು ಹೆದರದವನು ಸೂಜಿ ಹಿಡಿದು ಕಣ್ಣು ಮುಚ್ಚಿಕೊಂಡ.

"ಕಣ್ಣ ತಗೀರಿ. ಕಣ್ಣ ಮುಚ್ಚಿ ಚುಚ್ಚಿದ್ರ ಗ್ವಾಡಿಗೆ ಚುಚ್ಚೀರಿ," ಎಂದಳು ಶಿವಗಂಗವ್ವ.

ಅವನು ಕಣ್ಣು ತೆರೆದು ಚುಚ್ಚಿದ. ಅವಳ ಹುಬ್ಬು ಗಂಟಾದದ್ದನ್ನು ಹತ್ತಿರದಿಂದ ಕಂಡ.

"ನೋವಾತೇನ?"

ನಾಲ್ಕು ವರ್ಷದಲ್ಲಿ ಅವನು ಇದನ್ನು ಕೇಳಿದ್ದು ಇದೇ ಮೊದಲು.

"ಆತ್ರಿ."

"ದಿನಾ ಆಗತೈತೇನ?"

"ದಿನಾ ಆಗತೈತ್ರಿ," ಎಂದು ಶಿವಗಂಗವ್ವ ಅವನ ಹೆಗಲಿಗೆ ತಲೆಯಿಟ್ಟು ಮನಸ್ಸು ತುಂಬ ಅತ್ತಳು.