ಬೀಗರು ಜಪಾನಿನಲ್ಲಿ ದಂಗೆ ಎದ್ದದ್ದು

ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ಮನೆಯಲ್ಲಿ ಕಂಪ್ಯೂಟರ್ ಗೇಮ್ ಆಡುತ್ತೇನೆ ಅಂತ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ನಾಚಿಕೆ ಇದ್ದದ್ದು ಸೋಲುತ್ತಿದ್ದುದಕ್ಕೆ.

ಆಟ ಹಳೆಯ ಜಪಾನಿನದು. ದೇಶದ ತುಂಬ ದೊರೆಗಳು, ಅವರವರಲ್ಲೇ ಕಚ್ಚಾಟ. ನಾವು ಒಂದು ಪಂಗಡ ಆರಿಸಿಕೊಂಡು ಮಿಕ್ಕವರನ್ನೆಲ್ಲ ಮಣಿಸಬೇಕು. ನಾನು ಆರಿಸಿಕೊಳ್ಳುತ್ತಿದ್ದುದು ದೊರೆಗಳ ಕಾಟ ತಾಳಲಾರದೆ ದಂಗೆ ಎದ್ದ ರೈತರನ್ನು. ಅವರ ಮುಂದಾಳುಗಳು ಆಯುಧ ಹಿಡಿದ ಬೌದ್ಧ ಸನ್ಯಾಸಿಗಳು. ನಮ್ಮದು ಬೌದ್ಧರ ಮನೆ. ತಾತ ದೀಕ್ಷೆ ತೆಗೆದುಕೊಂಡಾಗಿನಿಂದ ಹಜಾರದ ಗೋಡೆಯ ಮೇಲೆ ಬುದ್ಧನ ಪಟವಿದೆ. ಹಾಗಾಗಿ ಬೇರೆ ಪಂಗಡದ ಮಾತೇ ಬರುವುದಿಲ್ಲ. ಆದರೆ ನನ್ನ ದಂಗೆ ಎಂದೂ ಮೂರನೆಯ ಊರು ದಾಟಲಿಲ್ಲ. ಗೆದ್ದ ಊರಿನವರೇ ನನ್ನ ಮೇಲೆ ದಂಗೆ ಏಳುತ್ತಿದ್ದರು. ಅಷ್ಟು ಶಾಂತವಾಗಿ ಕೂತಿರುವ ಮಹಾನುಭಾವನ ಎದುರಿಗೇ ಸನ್ಯಾಸಿಗಳನ್ನು ಹೊಡೆದಾಡಿಸುತ್ತೀಯಲ್ಲ, ಸೋಲದೆ ಇನ್ನೇನಾಗುತ್ತೆ ಅಂತ ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದಳು.

ಈಗ ಬೀಗರ ವಿಷಯ. ನನ್ನ ಅಕ್ಕ ಇಲವಾಲದ ಶೈವರ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಆರು ವರ್ಷ. ಅವಳ ಮಾವ ಒಂದು ಮಠದಲ್ಲಿ ಬಹಳ ವರ್ಷ ದಾಸೋಹದ ಉಗ್ರಾಣ ನೋಡಿಕೊಂಡವರು. ಒಳ್ಳೆಯ ಮನುಷ್ಯ, ಅಕ್ಕನನ್ನು ಮಗಳಂತೆ ನೋಡಿಕೊಳ್ಳುತ್ತಾರೆ. ಅವಳು ಅಲ್ಲಿ ಮಾಡಿ ಬಡಿಸಿದ್ದನ್ನು ಉಣ್ಣುತ್ತಾರೆ. ಆದರೆ ನಮ್ಮ ಮನೆಯ ಹೊಸಿಲು ದಾಟಿದ ತಕ್ಷಣ ಅವರ ಹೊಟ್ಟೆ ತುಂಬಿಬಿಡುತ್ತಿತ್ತು. ಸೋಮವಾರವಾದರೆ ಉಪವಾಸ, ಮಂಗಳವಾರವಾದರೆ ನಿನ್ನೆ ಉಪವಾಸ ಮಾಡಿದ್ದರ ಸುಸ್ತು. ಮಿಕ್ಕ ದಿನ ಈಗ ತಾನೇ ತಿಂದುಕೊಂಡು ಬಂದೆ ಅನ್ನುವುದು. ನೀರಿಗೂ ಅವರದೇ ಬಾಟಲಿ, ಕಾದಾರಿದ್ದೇ ಆಗಬೇಕಂತೆ.

ಅಕ್ಕನ ಮದುವೆಯಾದ ವಾರವೇ ಅಮ್ಮ ಬೀಗರಿಗೆಂದು ದೊಡ್ಡದೊಂದು ಸ್ಟೀಲ್ ತಟ್ಟೆ ತಂದಿದ್ದಳು. ಅದು ಸ್ಟಿಕ್ಕರ್ ಸಮೇತ ಹಾಗೆಯೇ ಶೆಲ್ಫಿನ ಮೇಲಿತ್ತು. ಅವರು ಬಂದು ಹೋದಾಗಲೆಲ್ಲ ಅದನ್ನು ಇಳಿಸಿ, ಒರೆಸಿ, ಮತ್ತೆ ಮೇಲಿಡುತ್ತಿದ್ದಳು. ಒಂದು ಸಲ ಒಂದು ತುತ್ತು ತಿಂದು ಹೋಗಲಿ, ಇನ್ನೇನೂ ಬೇಡ ಅನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದೆ.

ಹೋದ ವರ್ಷ ಬೀಗರಿಗೆ ಮಂಡಿ ನೋವು ಶುರುವಾಯಿತು. ಚಿಕಿತ್ಸೆಗೆ ವಾರಕ್ಕೆರಡು ಸಲ ನಮ್ಮ ಸರಸ್ವತಿಪುರಂಗೇ ಬರಬೇಕಾಯಿತು. ಮುಗಿಸಿಕೊಂಡು ಬಸ್ಸಿನ ಹೊತ್ತಿನ ತನಕ ನಮ್ಮ ಹಜಾರದಲ್ಲಿ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ನನಗೆ ಕ್ಲಾಸು ಮಧ್ಯಾಹ್ನದ ಮೇಲೆ, ಬೆಳಗ್ಗೆ ಆಟ. ಮೂರನೆಯ ದಿನ ಅವರು ಕುರ್ಚಿಯನ್ನು ಕಂಪ್ಯೂಟರಿನ ಕಡೆಗೆ ಎಳೆದುಕೊಂಡರು. ಕಾವಿಯವರು ಯಾರು ಅಂತ ಕೇಳಿದರು. ಹೇಳಿದೆ. ಪರದೆಯ ಮೇಲಿನ ಸನ್ಯಾಸಿಗೆ ಕೈ ಮುಗಿದರು. ಆಮೇಲೆ, ಇವರ ಊಟಕ್ಕೇನು ಮಾಡಿದ್ದೀಯ ಅಂದರು.

ನಾನು ದಂಡು ಕಟ್ಟುವುದರಲ್ಲೇ ಇದ್ದವನು, ಅಕ್ಕಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಮೂಲೆಯಲ್ಲಿ ಕೆಂಪು ಗುರುತು ಮಿನುಗುತ್ತಿತ್ತು. ಅದು ಆಹಾರ ಸಾಲದೆಂಬ ಎಚ್ಚರಿಕೆ ಅಂತ ತಿಳಿದಾಗ ಅವರು ಮಠದ ಉಗ್ರಾಣಕ್ಕೆ ಹೆಗ್ಗಣ ನುಗ್ಗಿದ ಹಾಗೆ ಎದ್ದು ನಿಂತರು. ಅಂದಿನಿಂದ ಆಟ ಅವರ ಕೈಗೆ ಹೋಯಿತು. ಮೌಸ್ ಮಾತ್ರ ನನ್ನ ಕೈಯಲ್ಲಿ. ಕೋಟೆ ಆಮೇಲೆ, ಮೊದಲು ಗದ್ದೆ. ಗೆದ್ದ ಊರಿನಲ್ಲಿ ಮೊದಲು ಸನ್ಯಾಸಿಗಳ ಮಠ, ಆಮೇಲೆ ಮುಂದಿನ ಮಾತು. ಹಿಮ ಬೀಳುವಾಗ ದಂಡು ಹೊರಡಿಸಿದರೆ ಬೈಯುತ್ತಿದ್ದರು, ಕಂಬಳಿ ಕೊಟ್ಟಿದ್ದೀಯಾ ಅಂತ. ಆಟದಲ್ಲಿ ಕಂಬಳಿ ಇಲ್ಲ ಮಾವ ಅಂದರೆ, ಮಾಡಿದವನಿಗೆ ಬುದ್ಧಿಯಿಲ್ಲ ಅಂದರು.

ವಿಚಿತ್ರವೆಂದರೆ ನಾವು ಗೆಲ್ಲತೊಡಗಿದೆವು. ಉಂಡ ಊರುಗಳು ದಂಗೆ ಏಳಲಿಲ್ಲ. ಏಳನೆಯ ಊರು ಬಿದ್ದ ದಿನ ನಾನು ಅವರ ಗುಟ್ಟೇನೆಂದು ಕೇಳಿದೆ.

"ಗುಟ್ಟೇನು ಬಂತು? ಉಣ್ಣೋ ಹೊತ್ಗೆ ಬಂದೋರ್ನ ನೀನ್ಯಾರು ಅಂತ ಕೇಳ್ಬಾರ್ದು ಕಣಯ್ಯ. ಮಠದಲ್ಲಿ ನಾನು ಒಬ್ಬರನ್ನೂ ಕೇಳ್ದೋನಲ್ಲ" ಅಂದರು.

ಅಡುಗೆಮನೆಯಲ್ಲಿ ಒಗ್ಗರಣೆ ಸೌಟಿನ ಸದ್ದು ನಿಂತಿತು. ಬೀಗರು ಕೆಮ್ಮಿ, ಬಾಟಲಿಯ ಮುಚ್ಚಳ ತೆಗೆದು, ನೀರು ಕುಡಿದರು. ಆವತ್ತು ಎಂದಿಗಿಂತ ಒಂದು ಬಸ್ ಮೊದಲೇ ಹೊರಟುಬಿಟ್ಟರು.

ಇನ್ನು ಬರುವುದಿಲ್ಲ ಅಂದುಕೊಂಡೆವು. ಎರಡು ದಿನ ಬಿಟ್ಟು ಬೆಳಗ್ಗೆ ಒಂಬತ್ತಕ್ಕೇ ಬಾಗಿಲು ತಟ್ಟಿದರು. ಮಂಡಿ ಹೇಗಿದೆ ಅಂತ ಅಮ್ಮ ಕೇಳಿದರೆ, ಪರವಾಗಿಲ್ಲ ಅಂತ ನೆಲ ನೋಡಿಕೊಂಡು ಹೇಳಿದರು. ಅವರ ಚಿಕಿತ್ಸೆ ಮುಗಿದು ಎರಡು ತಿಂಗಳಾಗಿತ್ತು ಅನ್ನುವುದು ಆಮೇಲೆ ಅಕ್ಕನ ಫೋನಿನಿಂದ ತಿಳಿಯಿತು.

ಆವತ್ತು ರಾಜಧಾನಿಗೆ ಮುತ್ತಿಗೆ. ನನ್ನ ಎರಡೂ ಕೈ ಕೀಬೋರ್ಡಿನ ಮೇಲಿದ್ದವು. ಅಮ್ಮ ನನಗೆಂದು ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ, ಕಾಯಿಚಟ್ನಿ ತಂದು ಇಬ್ಬರ ಮಧ್ಯೆ ಇಟ್ಟು ಹೋದಳು. ತಟ್ಟೆ ನನ್ನ ದಿನದ ತಟ್ಟೆ, ಅಂಚು ಸೊಟ್ಟಗಾದದ್ದು. ಸನ್ಯಾಸಿಗಳು ಗೋಡೆ ಹತ್ತುತ್ತಿದ್ದರು. ಬೀಗರು ಪರದೆಯಿಂದ ಕಣ್ಣು ಕೀಳದೆ, ಎಡಕ್ಕೆ ಬಿಡು, ಎಡಕ್ಕೆ ಬಿಡು ಅನ್ನುತ್ತ ಕೈ ಚಾಚಿ ರೊಟ್ಟಿಯ ಒಂದು ಚೂರು ಮುರಿದರು. ಚಟ್ನಿಯಲ್ಲಿ ಅದ್ದಿದರು. ಬಾಯಿಗೆ ಹಾಕಿಕೊಂಡರು.

ತಿರುಗಿ ನೋಡಿದರೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದಳು. ಯುದ್ಧ ಮುಗಿದರೆ ಇವರಿಗೆ ಎಚ್ಚರವಾಗುತ್ತೆ, ತಟ್ಟೆ ನೋಡುತ್ತಾರೆ, ಕೈ ಹಿಂದಕ್ಕೆ ಹೋಗುತ್ತೆ. ಅಮ್ಮನೂ ಅದನ್ನೇ ಯೋಚಿಸಿದಳೋ ಏನೋ, ಬೇಡ ಬೇಡ ಅಂತ ನನಗೆ ಕೈಸನ್ನೆ ಮಾಡಿದಳು. ನಾನು ಸೋತಾಗಲೆಲ್ಲ ಬೈದವಳು ಮೊದಲ ಸಲ ಗೆಲ್ಲಬೇಡ ಅನ್ನುತ್ತಿದ್ದಳು.

ಶತ್ರುಗಳಲ್ಲಿ ಉಳಿದವನು ಕುದುರೆ ಮೇಲಿದ್ದ ಸೇನಾಪತಿ ಒಬ್ಬನೇ. ನಾನು ಮುನ್ನೂರು ರೈತರನ್ನು ಅವನು ಇಲ್ಲದ ಕಡೆಗೆ ಓಡಿಸಿದೆ. ಸನ್ಯಾಸಿಗಳನ್ನು ಗುಡ್ಡ ಹತ್ತಿಸಿದೆ, ಕಾರಣವಿಲ್ಲದೆ ಇಳಿಸಿದೆ. ದಿಕ್ಕು ತಪ್ಪಿದ ಸೇನಾಪತಿ ತಾನಾಗಿಯೇ ನಮ್ಮ ಭರ್ಜಿಗಳ ಮೇಲೆ ಬರತೊಡಗಿದ. ಅವನಿಗೆ ದಾರಿ ಬಿಡಿಸಿದೆ. ಅರ್ಧ ರೊಟ್ಟಿ ಮುಗಿಯಿತು. ಮತ್ತೊಂದು ಸುತ್ತು ಕೋಟೆ ಪ್ರದಕ್ಷಿಣೆ ಹಾಕಿಸಿದೆ. ಮುಕ್ಕಾಲು ಮುಗಿಯಿತು. ಇಷ್ಟು ಕಷ್ಟಪಟ್ಟು ನಾನು ಯಾವ ಯುದ್ಧವನ್ನೂ ಗೆದ್ದಿಲ್ಲ.

ಬೀಗರು ಕೊನೆಯ ಚೂರಿನಿಂದ ಚಟ್ನಿಯನ್ನು ಸವರಿ ತೆಗೆದುಕೊಂಡು ಬಾಯಿಗಿಟ್ಟರು. ನಿಧಾನವಾಗಿ ಅಗಿದು ನುಂಗಿದರು.

"ಆ ಕುದ್ರೆಯವನ್ನ ಇನ್ನೆಷ್ಟೊತ್ತು ಓಡಿಸ್ತೀಯ? ಕುದ್ರೆಗಾದ್ರೂ ಸುಸ್ತಾಗಲ್ವ, ಇಡ್ಕೊಂಡ್ಬುಡು" ಅಂದರು. ಆಮೇಲೆ ದನಿ ತಗ್ಗಿಸಿ, "ನಾನು ನೋಡ್ಕೊಂಡೇ ತಿಂದಿದ್ದು ಕಣಯ್ಯ" ಅಂದರು.

ಅಮ್ಮ ಆಗಲೇ ಸ್ಟೂಲು ಹತ್ತಿ ಶೆಲ್ಫಿನಿಂದ ಸ್ಟೀಲ್ ತಟ್ಟೆ ಇಳಿಸುತ್ತಿದ್ದಳು. ಅವಸರದಲ್ಲಿ ಅದು ಸಿಂಕಿಗೆ ಬಡಿದು ದೊಡ್ಡ ಸದ್ದಾಯಿತು. ಸೆರಗಿನಲ್ಲಿ ಒರೆಸುತ್ತ ಹೊರಗೆ ತಂದಳು.

ಬೀಗರು ಆ ತಟ್ಟೆಯನ್ನು, ಅದರ ಸ್ಟಿಕ್ಕರನ್ನು ನೋಡಿದರು. ಅದು ಎಷ್ಟು ದಿನದಿಂದ ಕಾದಿದೆಯೆಂದು ಅವರಿಗೆ ಅರ್ಥವಾದಂತಿತ್ತು. ಸೊಟ್ಟ ತಟ್ಟೆಯನ್ನು ಎತ್ತಿ ಅಮ್ಮನ ಮುಂದೆ ಹಿಡಿದರು.

"ಅದ್ಯಾಕೆ ಬೀಗ್ರೇ, ಇದಕ್ಕೇ ಇನ್ನೊಂದು ಹಾಕಿ."

ಐದು ವರ್ಷ ಕಾದ ಅಮ್ಮನ ಹತ್ತಿರ ಆ ಹೊತ್ತಿಗೆ ಇನ್ನೊಂದು ರೊಟ್ಟಿ ಇರಲಿಲ್ಲ. ಮತ್ತೆ ಹಿಟ್ಟು ಕಲಸಿ, ಒಲೆ ಹಚ್ಚಿ ಮಾಡಬೇಕಾಯಿತು. ಬೀಗರು ಎರಡು ಬಸ್ ಬಿಟ್ಟು ಕಾದರು. ಸ್ಟಿಕ್ಕರಿದ್ದ ತಟ್ಟೆಯಲ್ಲಿ ಆವತ್ತು ತಿಂದವನು ನಾನು.